ಶಿವಬಸವ್ವನ ಎಡಗೈ

ಮಾಂಸ ಇಡುವ ಕೋಣೆಗೂ ಹೆಣ ಇಡುವ ಕೋಣೆಗೂ ನಡುವೆ ಒಂದೇ ಗೋಡೆ. ಹಡಗಿನ ಡಾಕ್ಟರು ಉಕ್ಕಿನ ಬಾಗಿಲು ಎಳೆದಾಗ, ಆಚೆ ಕಡೆ ಯಾರೋ ಹೆಪ್ಪುಗಟ್ಟಿದ ಕುರಿಯ ತೊಡೆಗಳನ್ನು ತಳ್ಳುಗಾಡಿಗೆ ಎಸೆಯುವ ಸದ್ದು ಕೇಳುತ್ತಿತ್ತು. ಧಡ್. ಧಡ್.

ಸಮತಾ ಒಳಗೆ ಕಾಲಿಟ್ಟಳು.

ಹಡಗು ಹತ್ತಿದಾಗಿನಿಂದ ಇಲ್ಲಿನ ಅಡುಗೆಮನೆಯ ಒಂದು ತುತ್ತನ್ನೂ ಬಾಯಿಗಿಟ್ಟವಳಲ್ಲ ಶಿವಬಸವ್ವ. ಕುರಿ ಕೋಳಿ ಬೆಂದ ಒಲೆಯ ಅನ್ನ ತನಗೆ ಬೇಡವೆಂದು, ಅಕ್ಕಿಆಲೂರಿನಿಂದ ತಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲೇ ದಿನ ನೂಕಿದ್ದಳು. ಹೊರಗಿನ ತಿನಿಸು ಹಡಗಿಗೆ ಬಿಡುವುದಿಲ್ಲವೆಂದು ತಿಳಿದು ಹಿರಿಯ ಸೊಸೆ ಶ್ವೇತಾ ರೊಟ್ಟಿಗಳನ್ನು ಇಳಕಲ್ ಸೀರೆಗಳ ಮಡಿಕೆಯಲ್ಲಿ ಅಡಗಿಸಿ ತಂದಿದ್ದಳು. ಅಷ್ಟು ಮಡಿಯ ಮುದುಕಿಗೆ ಕಡೆಗೆ ಸಿಕ್ಕ ಹಾಸಿಗೆ ಇದು.

ಬೆಳಿಗ್ಗೆ ಹಿರಿಯ ಮಗ ಬಸವೇಶ ತಾಯಿಯ ಕ್ಯಾಬಿನ್ನಿನ ಬಾಗಿಲು ತೆಗೆದು ಚೀರಿಕೊಂಡಿದ್ದ. ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ ಎಂದು ಬರೆದುಕೊಟ್ಟಿದ್ದರು. ಸಂಜೆ ಹಡಗು ಗೋವಾ ಮುಟ್ಟುತ್ತದೆ. ದಂಡೆಯಲ್ಲಿ ಆಂಬುಲೆನ್ಸ್ ಕಾಯುತ್ತಿರುತ್ತದೆ. ನಾಳೆ ಮಧ್ಯಾಹ್ನದೊಳಗೆ ಅಕ್ಕಿಆಲೂರಿನಲ್ಲಿ ಅವರದೇ ರೈಸ್ ಮಿಲ್ಲಿನ ಹಿಂದಿನ ಹೊಲದಲ್ಲಿ ಮಣ್ಣು ಮುಚ್ಚಿದರೆ ಎಲ್ಲ ಮುಗಿಯಿತು.

"ನೀವು ಪೊಲೀಸ್ ಅಂತ ಒಳಗೆ ಬಿಟ್ಟಿದ್ದೇನೆ. ಬೇಗ ನೋಡಿ," ಎಂದರು ಡಾಕ್ಟರು ಹಿಂದಿಯಲ್ಲಿ.

ಪೊಲೀಸ್ ಹೌದು; ಶಿಗ್ಗಾವಿ ಠಾಣೆಯ ಪಿಎಸ್‌ಐ. ಆದರೆ ರಜೆಯ ಮೇಲಿದ್ದಳು. ಸಮುದ್ರದ ನಡುವೆ ಶಿಗ್ಗಾವಿಯ ಟೊಪ್ಪಿಗೆಗೆ ಕಾಸಿನ ಕಿಮ್ಮತ್ತಿರಲಿಲ್ಲ.

ಡಾಕ್ಟರು ಬಿಳಿಯ ಬಟ್ಟೆ ಸರಿಸಿದರು. ಮುಖದಲ್ಲಿ ಹೊಸದೇನೂ ಇರಲಿಲ್ಲ. ತುಟಿಯ ಮೂಲೆಯಲ್ಲಿ ವಾಂತಿಯ ಒಣಗಿದ ಗೆರೆ. ಕೊರಳಲ್ಲಿ ದಾರವಿರಲಿಲ್ಲ. ಬಲಗೈ ನೀಳವಾಗಿ ಬಿದ್ದಿತ್ತು. ಎಡಗೈ ಮಾತ್ರ ಎದೆಯ ಮೇಲಿತ್ತು, ಮುಷ್ಟಿ ಬಿಗಿದು.

ಮುಷ್ಟಿಯ ಸುತ್ತ ಬಿಳಿಯ ನೂಲು ಸುತ್ತಿ ಗಂಟು ಹಾಕಿತ್ತು.

"ಇದನ್ನು ಕಟ್ಟಿದವರು ಯಾರು?"

ಡಾಕ್ಟರು ಹೆಗಲು ಹಾರಿಸಿದರು. "ನಿಮ್ಮ ಕಡೆಯ ಶಾಸ್ತ್ರ ಇರಬೇಕು ಅಂದುಕೊಂಡೆ. ನಾನು ಬರುವ ಮೊದಲೇ ಕಟ್ಟಿತ್ತು. ಬಿಡಿಸಲು ನೋಡಿದೆ, ಬೆರಳು ಆಗಲೇ ಮರಗಟ್ಟಿದ್ದವು."

"ನೀವು ಬಂದಾಗ ಒಳಗೆ ಯಾರಿದ್ದರು?"

"ಒಬ್ಬರೂ ಇಲ್ಲ. ಎಲ್ಲ ಹೊರಗೆ ನಿಂತು ಅಳುತ್ತಿದ್ದರು."

ಸಮತಾ ಬಗ್ಗಿ ಮುಷ್ಟಿಯನ್ನೇ ನೋಡಿದಳು. ಮುಟ್ಟಲಿಲ್ಲ. ಒಳಗೇನಿದೆ ಎಂದು ಅವಳಿಗೆ ಗೊತ್ತಿತ್ತು. ಧಾರವಾಡದ ಹಾಸ್ಟೆಲ್ಲಿನಲ್ಲಿ ಶ್ವೇತಾಳ ಜತೆ ಒಂದೇ ಕೋಣೆಯಲ್ಲಿ ಇದ್ದವಳು ಅವಳು. ಹಂಸಭಾವಿಯಿಂದ ಬಂದಿದ್ದ ಆ ಹುಡುಗಿ ಸ್ನಾನವಾದ ಮೇಲೆ ಕಾಟಿನ ಮೇಲೆ ಕುಳಿತು, ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿಯೇ ಚಹಾ ಕುಡಿಯುತ್ತಿದ್ದಳು. ಲಿಂಗವಿಡಲು ಬೆಳ್ಳಿ ಕರಡಿಗೆ ಕೊಡಿಸುತ್ತೇನೆಂದು ಅಪ್ಪ ಹೇಳಿದರೂ, ಕೊರಳಿಗೆ ಭಾರವೆಂದು ಬಟ್ಟೆಯಲ್ಲೇ ಸುತ್ತಿ ಕಟ್ಟಿಕೊಳ್ಳುತ್ತಿದ್ದಳು. ಒಮ್ಮೆ ಸಮತಾ ಕುತೂಹಲಕ್ಕೆ ಕೈ ಚಾಚಿದಾಗ ಹಿಂದೆ ಸರಿದಿದ್ದಳು. "ಇನ್ನೊಬ್ಬರ ಲಿಂಗಾ ಯಾರೂ ಮುಟ್ಟಾಂಗಿಲ್ಲ ನೋಡು. ನಮ್ಮವ್ವನೂ ಮುಟ್ಟೂದಿಲ್ಲ. ಸತ್ತಾಗೂ ಇದು ನನ್ನ ಕೈಯಾಗ ಇರಬೇಕು."

ಸತ್ತವರ ಎಡಗೈಯಲ್ಲಿ ಲಿಂಗವಿಟ್ಟು, ಬೆರಳು ಮಡಚಿ, ಅದನ್ನು ಕೊರಳಿಗೆ ಕಟ್ಟಿದ್ದ ಶಿವದಾರದಿಂದಲೇ ಸುತ್ತಿ ಕಟ್ಟುತ್ತಾರೆ. ಆಮೇಲೆ ಮಣ್ಣು.

ಬೆರಳು ಮಡಚಬೇಕಾದರೆ ಅವು ಇನ್ನೂ ಮೆತ್ತಗಿರಬೇಕು. ಅಂದರೆ ಬಸವೇಶ ಬಾಗಿಲು ತೆಗೆದು ಚೀರುವುದಕ್ಕೆ ಬಹಳ ಮೊದಲೇ, ಶಿವಬಸವ್ವ ಸತ್ತದ್ದು ಒಬ್ಬರಿಗೆ ಗೊತ್ತಿತ್ತು. ಗೊತ್ತಿದ್ದವರು ಯಾರನ್ನೂ ಕೂಗಲಿಲ್ಲ. ಕೂತು, ಸಮಾಧಾನವಾಗಿ ಶಾಸ್ತ್ರ ಮಾಡಿ ಎದ್ದುಹೋದರು.

"ವಾಂತಿ ಮಾಡಿಕೊಂಡಿದ್ದಾರಲ್ಲ?"

"ನಿನ್ನೆ ಅಲೆ ಜೋರಿತ್ತು ಮೇಡಂ. ಅರ್ಧ ಹಡಗೇ ವಾಂತಿ ಮಾಡಿಕೊಂಡಿದೆ."

"ಇವರು ಮಾಡಿಕೊಂಡಿರಲಿಲ್ಲ."

ಡಾಕ್ಟರು ಗಡಿಯಾರ ನೋಡಿದರು. "ಬರೆದುಕೊಟ್ಟದ್ದನ್ನು ಬದಲಿಸಬೇಕೆಂದರೆ ಬಂದರು ಮುಟ್ಟುವುದರೊಳಗೆ ನನಗೊಂದು ಕಾರಣ ತಂದುಕೊಡಿ. ಆಮೇಲೆ ಹೆಣ ಮನೆಯವರದ್ದು."

ಗೋಡೆಯ ಆಚೆ ಮತ್ತೊಂದು ತೊಡೆ ಬಿತ್ತು. ಧಡ್.

*

ನಿನ್ನೆ ಮಧ್ಯಾಹ್ನ ಹಡಗು ಒಲೆದಾಡತೊಡಗಿದಾಗ ಗಂಡಸರು ಮಗುಚಿ ಬಿದ್ದಿದ್ದರು. ಬಸವೇಶ ಕಾಗದದ ಚೀಲ ಹಿಡಿದು ಕ್ಯಾಬಿನ್ ಸೇರಿದ್ದ. ಸವಣೂರಿನಿಂದ ಬಂದಿದ್ದ ಅವರ ಮನೆಯ ಸ್ನೇಹಿತ, ವೀಳ್ಯದೆಲೆ ವ್ಯಾಪಾರಿ ಅಲ್ತಾಫ, ತನ್ನ ಹೆಂಡತಿ ನುಜಹತಳ ಮಡಿಲಲ್ಲಿ ತಲೆಯಿಟ್ಟು ಕಲ್ಮಾ ಹೇಳಿಕೊಳ್ಳುತ್ತಿದ್ದ.

ಮುದುಕಿ ಮಾತ್ರ ಮೇಲಿನ ಡೆಕ್ಕಿನಲ್ಲಿ ಕುರ್ಚಿ ಹಾಕಿಕೊಂಡು ಕಲ್ಲಿನಂತೆ ಕೂತಿದ್ದಳು. "ಎತ್ತಿನ ಗಾಡ್ಯಾಗ ಬನವಾಸಿ ಜಾತ್ರಿಗೆ ಹೋದ ಮೈ ಇದು. ಈ ನೀರು ನನ್ನೇನ ಅಲಗಾಡಸ್ತೈತಿ?" ಎಂದು ನಕ್ಕಿದ್ದಳು.

ಆಮೇಲೆ ಡಬ್ಬಿ ತೆಗೆದು, ರೊಟ್ಟಿ ಮುರಿದು, ಮೇಲೆ ಚಟ್ನಿ ಉದುರಿಸಿ, ಸಮತಾಳ ಅಂಗೈಯಲ್ಲಿ ಇಟ್ಟಿದ್ದಳು.

ಅಂಗೈಯಲ್ಲಿ. ಅಕ್ಕಿಆಲೂರಿನ ಮನೆಗೆ ಎಷ್ಟು ಸಲ ಹೋಗಿದ್ದರೂ ದಲಿತ ಕೇರಿಯ ಗುತ್ತೆಪ್ಪನ ಮಗಳಾದ ಸಮತಾಳಿಗೆ ಅಲ್ಲಿ ಬೇರೆ ಲೋಟ. ಕುಡಿದು ತಾನೇ ತೊಳೆದು ಹಿತ್ತಿಲ ಕಟ್ಟೆಯ ಮೇಲೆ ಬೋರಲು ಹಾಕಿ ಬರಬೇಕು. ಶ್ವೇತಾ ಪ್ರತಿ ಸಲವೂ ಕಣ್ಣು ತಗ್ಗಿಸುತ್ತಿದ್ದಳು. ಒಂದು ಸಲವೂ ಬಾಯಿ ತೆಗೆಯುತ್ತಿರಲಿಲ್ಲ. ಆ ಕೈಯಿಂದ ರೊಟ್ಟಿ ತಿಂದಾಗ ಸಮತಾಳಿಗೆ ಸಂತೋಷವಾಗಿತ್ತು. ಸಂತೋಷವಾಯಿತಲ್ಲ ಎಂದು ಈಗ ತನ್ನ ಮೇಲೇ ಹೇಸಿಗೆಯಾಯಿತು.

"ಪೊಲೀಸಕಿ ಅಂತ ನಿನಗೊಂದು ಮಾತ ಹೇಳಬೇಕು," ಎಂದಿದ್ದಳು ಶಿವಬಸವ್ವ. "ಸಾಲ್ಯಾಗ ಅನ್ನಾ ಉಂಡು ಹುಡುಗ್ರು ವಾಂತಿ ಮಾಡಿಕೊಂಡ್ರಲಾ, ನಿಮ್ಮ ಶಿಗ್ಗಾವಿ ಕಡೆ…"

ಸಮತಾ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ್ದಳು. ಅದು ಅವಳ ಕೈಯಲ್ಲೇ ಇದ್ದ ಪ್ರಕರಣ. ಶಾಲೆಯ ಬಿಸಿಯೂಟ ಉಂಡು ಒಂದು ಮಗು ತೀರಿಕೊಂಡಿತ್ತು. ಆ ಅಕ್ಕಿ ಯಾವ ಮಿಲ್ಲಿನದ್ದೆಂದು ಇಂದಿಗೂ ಪತ್ತೆಯಾಗಿರಲಿಲ್ಲ.

"ಹೇಳ್ರಿ ಅವ್ವಾರ."

ಮುದುಕಿ ಕೊರಳ ಬೆಳ್ಳಿ ಕರಡಿಗೆಯನ್ನು ಬೆರಳಿನಿಂದ ತಟ್ಟಿದ್ದಳು. ಎಂದೋ ಬಿದ್ದು ಒಂದು ಮಗ್ಗುಲು ತಗ್ಗಾಗಿದ್ದ ಹಳೆಯ ಕರಡಿಗೆ. "ಎಲ್ಲಾ ಇದರಾಗ ಐತಿ. ನಾಳಿ ಪೂಜಿ ಆದಮ್ಯಾಲ ಬಾ. ಶಿವನ ಮುಂದ ಹೇಳ್ತೇನಿ."

ಅಷ್ಟರಲ್ಲಿ ಕಿರಿಯ ಮಗ ಸಂಜಯ ಬಂದು, ಹಡಗಿನವರು ಹಂಚಿದ ಹುಲ್ಲಿನ ಟೊಪ್ಪಿಗೆಯನ್ನು ತಾಯಿಯ ತಲೆಗಿಟ್ಟು ಸೆಲ್ಫಿ ತೆಗೆದುಕೊಂಡಿದ್ದ. ಶ್ವೇತಾ ಶಾಲು ತಂದಿದ್ದಳು. ಬಸವೇಶನೂ ಮುಖ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ. ಮುದುಕಿ ಬಾಯಿ ಮುಚ್ಚಿದ್ದಳು.

ಆ ನಾಳೆ ಇಂದು.

*

ಸಮತಾ ಶಿವಬಸವ್ವನ ಕ್ಯಾಬಿನ್ನಿಗೆ ಓಡಿದಳು. ಬಾಗಿಲು ತೆರೆದೇ ಇತ್ತು.

ಹಾಸಿಗೆಗೆ ಹೊಸ ಚಾದರ. ನೆಲಕ್ಕೆ ನಿಂಬೆಯ ವಾಸನೆಯ ದ್ರಾವಣ. ಬೆಳಿಗ್ಗೆ ಹೆಣ ಬಿದ್ದಿದ್ದ ಜಾಗದಲ್ಲಿ, ಬಿಳಿಯ ಟವೆಲ್ಲನ್ನು ಮಡಚಿ ಮಾಡಿದ ಆನೆಯೊಂದು ಸೊಂಡಿಲೆತ್ತಿ ಕೂತಿತ್ತು. ಸೊಂಡಿಲಿಗೆ ಒಂದು ಚಾಕಲೇಟು ಸಿಕ್ಕಿಸಿದ್ದರು.

ಸಮತಾ ಬಾಯಿಗೆ ಕೈ ಅಡ್ಡ ಹಿಡಿದಳು.

ಕೋಣೆ ಗುಡಿಸುವವನು ಕಾರಿಡಾರಿನಲ್ಲೇ ಸಿಕ್ಕ. ಹೆಣ ಎತ್ತಿದ ಕೂಡಲೇ ಕೋಣೆ ಸ್ವಚ್ಛ ಮಾಡಬೇಕೆಂದು ಮನೆಯವರೇ ಫೋನು ಮಾಡಿ ಹೇಳಿದರಂತೆ. ಯಾರೆಂದು ಅವನಿಗೆ ಗೊತ್ತಿಲ್ಲ. ಫೋನು ಎತ್ತಿದ್ದು ಮೇಲಿನವರು. ಡಬ್ಬಿ? ಯಾವ ಡಬ್ಬಿಯೂ ಕಾಣಲಿಲ್ಲ. ಬೆಳ್ಳಿಯ ಸಣ್ಣ ಕರಡಿಗೆ? ಅವನು ಕಿವಿ ಹಿಡಿದುಕೊಂಡ. "ಸತ್ತವರ ವಸ್ತು ನಾನು ಮುಟ್ಟುವುದಿಲ್ಲ ಮೇಡಂ."

ಚಟ್ನಿಯ ಡಬ್ಬಿ ಇಲ್ಲ. ಕರಡಿಗೆ ಇಲ್ಲ. ವಾಂತಿಯಾದ ಚಾದರ ಹಡಗಿನ ಹೊಟ್ಟೆಯಲ್ಲೆಲ್ಲೋ ಸೋಪಿನ ನೊರೆಯಲ್ಲಿ ತಿರುಗುತ್ತಿದೆ.

ಮುದುಕಿ ಹಡಗಿನ ಅನ್ನ ತಿಂದಿರಲಿಲ್ಲ. ಹೊಟ್ಟೆಗೆ ಹೋದದ್ದೆಲ್ಲ ಮನೆಯದ್ದೇ. ಏನಾದರೂ ಬೆರೆತಿದ್ದರೆ ಬೆರೆಸಿದ ಕೈಯೂ ಮನೆಯದ್ದೇ. ನಿನ್ನೆ ಮಧ್ಯಾಹ್ನ ಅದೇ ಡಬ್ಬಿಯಿಂದ ತಾನೂ ತಿಂದಿದ್ದಳು, ಏನೂ ಆಗಿರಲಿಲ್ಲ. ಅಂದರೆ ಆಮೇಲೆ. ಆ ಮಾತು ಬಂದ ಮೇಲೆ.

"ಅಕ್ಕಾರ, ಇಲ್ಲೇನ ಮಾಡಾಕತ್ತೀರಿ?"

ಅಲ್ತಾಫ. ಮುಖ ಇನ್ನೂ ಬಾಡಿದ ಎಲೆಯಂತಿತ್ತು.

"ಆರಾಮ ಆತೇನ ಅಲ್ತಾಫಣ್ಣ?"

"ಎಲ್ಲಿ ಆರಾಮ್ರಿ! ಸವಣೂರ ಖಾರಾ ತಿಂದು ಜೀರ್ಣಾ ಮಾಡಿಕೊಂಡ ಹೊಟ್ಟಿ, ಈ ಉಪ್ಪುನೀರಿಗೆ ಸೋತು ಹೋತು. ಯಲವಿಗ್ಯಾಗ ರೈಲು ಹತ್ತೂವಾಗ ಬಸವ್ವಜ್ಜಿ ಅಂದಿದ್ಲು, 'ಲೇ ಅಲ್ತಾಫ, ನೀ ಸತ್ರ ನಿನ್ನ ಮೀನಿಗೆ ಹಾಕಿ ಬರ್ತೇನಿ' ಅಂತ. ಈಗ ನೋಡ್ರಿ…" ಅವನು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡ.

"ಮುಂಜಾನೆ ಬಾಗಿಲಾ ತಗದಾಗ ನೀವು ಇಲ್ಲೇ ಇದ್ರೇನು?"

"ಇದ್ದೆ. ನಮಾಜ್ ಮುಗಿಸಿ ನೀರು ತರಾಕ ಹೊಂಟಿದ್ದೆ. ಬಸವೇಶಣ್ಣ ಕಾರ್ಡು ಹಾಕಿ ತಗದಾ, ಒಂದ ಹೆಜ್ಜಿ ಒಳಗ ಇಟ್ಟಾ, 'ಅವ್ವಾ' ಅಂತ ಚೀರಿ ಅಲ್ಲೇ ಗ್ವಾಡಿ ಹಿಡಕೊಂಡು ಕುಂತಾ. ನಾನ ಎಬ್ಬಿಸಿ ಹೊರಗ ತಂದೇನಿ."

"ಅವ್ವಾರನ್ನ ಮುಟ್ಟಿದ್ರೇನು?"

"ಎಲ್ಲಿ ಮುಟ್ತಾನ್ರಿ, ಕಾಲಾಗ ಜೀವಾನ ಇರಲಿಲ್ಲ."

"ಆಮ್ಯಾಲ ಯಾರು ಒಳಗ ಹೋದ್ರು?"

"ಡಾಕ್ಟರ್ ಬರೂತನಾ ಬಾಗಿಲದಾಗ ನಾನ ನಿಂತಿದ್ದೆ. ಯಾರನ್ನೂ ಬಿಟ್ಟಿಲ್ಲ." ಅಲ್ತಾಫ ಅವಳ ಮುಖ ನೋಡಿ ದನಿ ತಗ್ಗಿಸಿದ. "ಯಾಕ ಅಕ್ಕಾರ? ಏನರ ಹೊಲಸು ಐತೇನು ಇದರಾಗ?"

"ಐತಿ," ಎಂದಳು ಸಮತಾ. "ಯಾರಿಗೂ ಹೇಳಬ್ಯಾಡ್ರಿ."

*

ಊಟದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿನ್ನೆ ಕಕ್ಕಿದವರೆಲ್ಲ ಇಂದು ಎರಡರಷ್ಟು ತಿನ್ನುತ್ತಿದ್ದರು. ಜನ ತಟ್ಟೆಯಲ್ಲಿ ಗುಡ್ಡ ಹಾಕಿಕೊಂಡು, ಒಂದೊಂದು ತುತ್ತು ಕಚ್ಚಿ, ಬಿಟ್ಟು, ಇನ್ನೊಂದು ತಟ್ಟೆ ಹಿಡಿಯುತ್ತಿದ್ದರು. ಮಂಜುಗಡ್ಡೆಯಲ್ಲಿ ಕೆತ್ತಿದ ಹಂಸವೊಂದು ಸಿಹಿತಿಂಡಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಧ್ವನಿವರ್ಧಕದಲ್ಲಿ ಒಬ್ಬ ಈಜುಕೊಳದ ಬಳಿ ಹಗ್ಗದಾಟಕ್ಕೆ ಕರೆಯುತ್ತಿದ್ದ.

ಕಿಟಕಿಯ ಬದಿಯ ಮೇಜಿನಲ್ಲಿ ಅಣ್ಣತಮ್ಮ ಇಬ್ಬರೂ ಕೂತಿದ್ದರು. ಬಸವೇಶನ ಮುಂದೆ ಬರಿಯ ಚಹಾ. ಸಂಜಯನ ಮುಂದೆ ಪನೀರು, ಪೂರಿ, ಕೇಕು, ಕಲ್ಲಂಗಡಿ, ಎಲ್ಲ ಒಂದೇ ತಟ್ಟೆಯಲ್ಲಿ.

"ಬರ್ರಿ ಮೇಡಮ್ಮಾರ, ಕುಂದರ್ರಿ," ಎಂದ ಸಂಜಯ, ಬಾಯಿ ತುಂಬಿಕೊಂಡೇ.

"ಹೆಣಾ ಮನ್ಯಾಗ ಇರೂತನಾ ಒಲಿ ಹಚ್ಚಾಂಗಿಲ್ಲ ಅಂತಾರಲಾ ನಿಮ್ಮಲ್ಲಿ?"

"ಇಲ್ಲಿ ಒಲಿ ನಾವೇನ ಹಚ್ಚೇವೇನ್ರಿ?"

ಬಸವೇಶ ತಮ್ಮನ ಕಡೆ ಕೆಂಗಣ್ಣು ಬಿಟ್ಟ. ಸಂಜಯ ಪೂರಿ ಮಡಚಿ ಬಾಯಿಗಿಟ್ಟುಕೊಂಡ. "ಯಾರೂ ತಿನಲಿಲ್ಲಂದ್ರ ಅವ್ವ ಎದ್ದು ಬರ್ತಾಳೇನು? ಅಕಿ ಸ್ಟೇಟಸ್ ಹಾಕೇನಿ ನೋಡ್ರಿ, ಹಾನಗಲ್ಲು, ಹಿರೇಕೆರೂರು, ಎಲ್ಲಾ ಕಡಿಂದ ಮಂದಿ ಕೈಮುಗದಾರ."

ಅವನು ಫೋನು ತಿರುಗಿಸಿ ಹಿಡಿದ. ನಿನ್ನೆಯ ಫೋಟೊ. ಹುಲ್ಲಿನ ಟೊಪ್ಪಿಗೆ ಹಾಕಿಕೊಂಡ ಶಿವಬಸವ್ವ, ಪಕ್ಕದಲ್ಲಿ ಕಪ್ಪು ಕನ್ನಡಕದ ಸಂಜಯ ಎರಡು ಬೆರಳೆತ್ತಿಕೊಂಡು. ಕೆಳಗೆ: 'ನಮ್ಮವ್ವ ಲಿಂಗೈಕ್ಯ.' ಅದರ ಮುಂದೆ ಅಳುವ ಮುಖ, ಅದರ ಮುಂದೆ ಒಂದು ಹಡಗು.

ಸಮತಾಳಿಗೆ ಫೋನನ್ನು ಕಿಟಕಿಯಾಚೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಇಸಿದುಕೊಂಡು ಚಿತ್ರವನ್ನು ದೊಡ್ಡದು ಮಾಡಿದಳು.

ಸೆರಗಿನ ಮೇಲೆ ತಗ್ಗಾದ ಬೆಳ್ಳಿ ಕರಡಿಗೆ. ಅದನ್ನು ಹಿಡಿದ ಶಿವದಾರ ಬೆವರು, ಎಣ್ಣೆ ಕುಡಿದು ಕಂದಾಗಿ, ಹುಣಸೆಯ ನಾರಿನಂತಾಗಿತ್ತು.

ಕೆಳಗೆ ಹೆಣದ ಕೋಣೆಯಲ್ಲಿ, ಮುಷ್ಟಿಯ ಮೇಲಿನ ನೂಲು ಬಿಳಿ.

ಅವಳು ಫೋನು ಹಿಂದಿರುಗಿಸಿ ಬಸವೇಶನ ಕಡೆ ತಿರುಗಿದಳು. "ಅಣ್ಣಾರ, ಅವ್ವಾರ ಕೈಯಾಗ ಲಿಂಗಾ ಇಟ್ಟಾವರು ಯಾರು?"

ಬಸವೇಶ ಚಹಾದ ಕಪ್ಪನ್ನು ಕೆಳಗಿಟ್ಟ.

"ಪೂಜಾ ಮಾಡೂವಾಗ ಹೋಗ್ಯಾಳ ಅವ್ವ. ಲಿಂಗಾ ಕೈಯಾಗ ಇರತನಾನ. ಎಂಥಾ ಪುಣ್ಯವಂತಿ!"

"ಜಳಕಾ ಮಾಡಲಾರದ, ವಾಂತಿ ಬಾಯೀಲೆ, ಮಲಕೊಂಡು ಪೂಜಾ ಮಾಡತಿದ್ರೇನು ಅವ್ವಾರು?"

"ಸಂಕಟ ಬಂದಾಗ ಶಿವನ್ನ ಹಿಡಕೊಂಡಿರಬೇಕು."

"ಹಿಡಕೊಂಡಿದ್ದು ಖರೆ. ಗಂಟು ಯಾರು ಹಾಕಿದ್ರು?"

"ಗಂಟು?"

"ಮುಷ್ಟಿಗೆ ದಾರಾ ಸುತ್ತಿ ಗಂಟು ಹಾಕೇತಿ. ಬದುಕಿದ್ದಾವರು ತಮ್ಮ ಕೈ ತಾವ ಕಟ್ಟಿಕೊಳ್ಳೂದು ನಾ ಎಲ್ಲೂ ಕಂಡಿಲ್ಲ. ನಿಮ್ಮಲ್ಲಿ ಪೂಜಿಗೆ ಹಂಗ ಕಟ್ತಾರೇನು?"

ಸಂಜಯ ಅಗಿಯುವುದನ್ನು ನಿಲ್ಲಿಸಿದ.

ಬಸವೇಶ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಸುತ್ತಲಿನ ಮೇಜಿನವರು ನೋಡಿದರು. "ಮೇಡಮ್ಮಾರ, ನೀವು ನಮ್ಮ ಶ್ವೇತಾನ ಗೆಳತಿ ಅಂತ ಕರಕೊಂಡ ಬಂದೇವಿ. ನಮ್ಮವ್ವನ ಮೈ ಕೊಯ್ಯಸಾಕಲ್ಲ. ಲಿಂಗಾಯತರ ಹೆಣಾ ಐತಿ ಅದು. ನಿಮಗೇನ ಗೊತ್ತೈತಿ ನಮ್ಮ ಶಾಸ್ತ್ರಾ?"

"ಗೊತ್ತಿಲ್ಲ. ಅದಕ್ಕ ನಾ ಮುಟ್ಟಿಲ್ಲ." ಸಮತಾಳ ದನಿ ಏರಲಿಲ್ಲ. "ನೀವು ಮಗಾ ಅದೀರಿ. ಬರ್ರಿ, ನೀವ ಬಿಚ್ಚಿ ನೋಡ್ರಿ. ಅದು ಅವ್ವಾರ ಲಿಂಗಾ ಹೌದೋ ಅಲ್ಲೋ ನೀವ ಹೇಳ್ರಿ."

"ಅವ್ವಂದಲ್ದ ಮತ್ಯಾರದ್ದು?"

"ಮತ್ತ ಕರಡಿಗಿ ಎಲ್ಲೈತಿ?"

ಬಸವೇಶನ ಮುಖದ ಬಣ್ಣ ಇಳಿಯಿತು.

"ಅವ್ವನ ಕೊರಳಾಗ ಇಲ್ಲೇನು?"

*

ಕೋಣೆಯ ಚಳಿಗೆ ಬಸವೇಶನ ಉಸಿರು ಹೊಗೆಯಾಗುತ್ತಿತ್ತು. ಡಾಕ್ಟರು ಬಾಗಿಲ ಬಳಿ ಕೈಕಟ್ಟಿ ನಿಂತರು. ಗೋಡೆಯ ಆಚೆಯ ಸದ್ದು ಈಗ ನಿಂತಿತ್ತು. ಯಾರೋ ನೀರು ಹೊಡೆದು ನೆಲ ತೊಳೆಯುತ್ತಿದ್ದರು.

ಅವನು ಮೊದಲು ತಾಯಿಯ ಕೊರಳು ಮುಟ್ಟಿದ. ಸೆರಗು ಸರಿಸಿ, ಕುಪ್ಪಸದ ಅಂಚಿನಲ್ಲಿ ಬೆರಳಾಡಿಸಿದ. ಕತ್ತಿನ ಹಿಂದೆಯೂ ತಡಕಿದ. ಹುಡುಕುವ ಅವಸರದಲ್ಲಿ ತಾಯಿಯ ಸೆರಗು ನೆಲಕ್ಕೆ ಜಾರಿದ್ದೂ ಅವನಿಗೆ ಗೊತ್ತಾಗಲಿಲ್ಲ. ಸಮತಾ ಮುಖ ತಿರುಗಿಸಿದಳು. ಜೇಬುಗಳ್ಳರ ಕೈ ಕಂಡಿದ್ದಳು ಅವಳು. ಇಷ್ಟು ಹಸಿದ ಕೈ ಕಂಡಿರಲಿಲ್ಲ.

"ಇಲ್ಲ," ಎಂದ ಅವನು. "ಕರಡಿಗಿ ಇಲ್ಲ."

"ಅದರಾಗ ಲಿಂಗದ ಜೋಡಿ ಏನಿತ್ತು?"

ಅವನು ಜಾರಿದ ಸೆರಗನ್ನು ಎತ್ತಿ ಹೊದಿಸಿದ.

"ಅಣ್ಣಾರ, ನಿಮ್ಮವ್ವ ನಿನ್ನೆ ನನಗ ಅದನ್ನ ತಟ್ಟಿ ತೋರಿಸ್ಯಾರ."

"ಕೀಲಿ." ಅವನು ಕೈ ಹಿಂದೆಗೆದುಕೊಂಡ. "ನಮ್ಮ ಮಿಲ್ಲಿನ ಹಳೇ ಗೋದಾಮಿನ ಕೀಲಿ. ಸಾಲಿ ಹುಡುಗ್ರ ಸುದ್ದಿ ಬಂದ ದಿನಾ ಅವ್ವ ತಾನ ಹೋಗಿ ಗೋದಾಮಿಗೆ ಕೀಲಿ ಜಡದ್ಲು. ಯಾರು ಕೇಳಿದ್ರೂ ಕೊಡಲಿಲ್ಲ. ಇನ್ನೊಬ್ಬರ ಲಿಂಗಾ ಯಾರೂ ಮುಟ್ಟಾಂಗಿಲ್ಲಲಾ, ಅದಕ್ಕ ಅದರಾಗ ಇಟ್ಟುಕೊಂಡಿದ್ಲು."

"ಗೋದಾಮಿನ್ಯಾಗ ಯಾವ ಅಕ್ಕಿ ಐತಿ?"

"ಅದು ಈಗ ಯಾಕ ಬೇಕ್ರಿ?"

ಉತ್ತರ ಸಿಕ್ಕಿತು. ಆ ಮಗುವಿನ ಅಪ್ಪ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದ ರೀತಿ ನೆನಪಾಯಿತು. ಅಳುತ್ತಿರಲಿಲ್ಲ ಆತ. ಮಗು ಉಂಡ ಸ್ಟೀಲಿನ ತಟ್ಟೆಯನ್ನು ತೊಳೆಯದೆ ತಂದು, ತೊಡೆಯ ಮೇಲಿಟ್ಟುಕೊಂಡಿದ್ದ.

"ಬಿಚ್ರಿ," ಎಂದಳು.

ಬಸವೇಶ ಗಂಟು ಬಿಡಿಸಿದ. ನೂಲು ಸಡಿಲವಾಯಿತು; ಬೆರಳು ಸಡಿಲವಾಗಲಿಲ್ಲ. ಅವನು ಹೆಬ್ಬೆರಳನ್ನು ಹಿಡಿದು ಮೇಲೆತ್ತಿದ. ಒಣಕಟ್ಟಿಗೆ ಮುರಿದಂಥ ಸಣ್ಣ ಸದ್ದು. ಡಾಕ್ಟರು ನೆಲ ನೋಡಿದರು.

ಅಂಗೈಯಲ್ಲಿ ಲಿಂಗವಿತ್ತು. ಕಪ್ಪಗೆ, ನುಣುಪಾಗಿ, ಒಂದು ಬಿರುಕೂ ಇಲ್ಲದೆ.

ಬಸವೇಶ ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಕೈ ಎದೆಗೆ ಒತ್ತಿಕೊಂಡ.

"ಇದು ಅವ್ವಂದಲ್ಲ."

"ಹೆಂಗ ಹೇಳ್ತೀರಿ?"

"ಅವ್ವಂದು ನೀರು ಹಾಕಿ ಹಾಕಿ ಸವದು ಹೋಗೇತಿ. ಒಂದ ಕಡೆ ಸೀಳೇತಿ. ಸಣ್ಣಾಂವ ಇದ್ದಾಗಿಂದ ನೋಡೇನಿ." ಅವನು ತಡವರಿಸುತ್ತ ಮುಂದುವರಿಸಿದ. "ಆ ಕರಡಿಗಿ ತಗ್ಗ ಬಿದ್ದಮ್ಯಾಲ ಅದರ ಮುಚ್ಚಳ ಅಕಿಗೆ ಬಿಟ್ರ ಯಾರಿಗೂ ತಗ್ಯಾಕ ಬರತಿರಲಿಲ್ಲ. ಒತ್ತಿ ತಿರುವೂ ಹಿಕಮತ್ತು ಅಕಿಗಷ್ಟ ಗೊತ್ತಿತ್ತು."

ಸಮತಾಳಿಗೆ ಎಲ್ಲವೂ ಕಣ್ಣೆದುರು ನಡೆದಂತೆ ಕಂಡಿತು. ಒಂದು ಕೈ ಕೀಲಿಗಾಗಿ ಕರಡಿಗೆಗೆ ಬರುತ್ತದೆ. ಮುಚ್ಚಳ ಬರುವುದಿಲ್ಲ. ಕರಡಿಗೆಯನ್ನೇ ತೆಗೆದುಕೊಂಡು ಹೋಗಬೇಕು. ಹೋದರೆ ಮುದುಕಿ ಲಿಂಗವಿಲ್ಲದ ಹೆಣವಾಗುತ್ತಾಳೆ. ಅದಕ್ಕೆ ಮಾತ್ರ ಆ ಕೈ ಒಪ್ಪುವುದಿಲ್ಲ. ಪ್ರಾಣ ತೆಗೆಯಲು ಒಪ್ಪಿದ ಕೈ, ಲಿಂಗವಿಲ್ಲದೆ ಮಣ್ಣಿಗೆ ಕಳಿಸಲು ಒಪ್ಪುವುದಿಲ್ಲ. ಆಗ ತನ್ನ ಕೊರಳದ್ದನ್ನೇ ಬಿಚ್ಚಿ ಅಂಗೈಯಲ್ಲಿಟ್ಟು, ಬೆರಳು ಮಡಚಿ, ತನ್ನ ದಾರದಿಂದಲೇ ಕಟ್ಟುತ್ತದೆ.

ಎಂಥ ಭಕ್ತಿ! ಅವಳಿಗೆ ಉಗುಳಬೇಕೆನಿಸಿತು.

"ಅಣ್ಣಾರ, ಈ ಹಡಗಿನ್ಯಾಗ ಲಿಂಗಾ ಕಟ್ಟಿಕೊಂಡಾವರು ಎಷ್ಟ ಮಂದಿ?"

"ಸಂಜ್ಯಾ ಕಟ್ಟಿಕೊಳ್ಳೂದ ಬಿಟ್ಟಾನ. ಮನ್ಯಾಗ ದೇವರ ಮಾಡದಾಗ ಇಟ್ಟಾನ." ಬಸವೇಶ ಅವಸರದಲ್ಲಿ ತನ್ನ ಅಂಗಿಯ ಗುಂಡಿ ಬಿಚ್ಚಿದ. ಕೊರಳಲ್ಲಿ ಹಳದಿಯ ದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಹೊಚ್ಚ ಹೊಸದರಂತೆ ಹೊಳೆಯುತ್ತ. "ನಂದು ಇಲ್ಲೈತಿ. ನೋಡ್ರಿ. ಇಲ್ಲೈತಿ. ಮತ್ತ ಇರೂದು ಅಂದ್ರ…"

ಅವನು ನಿಂತ. ಬಿಚ್ಚಿ ಬಿದ್ದಿದ್ದ ಬಿಳಿಯ ನೂಲನ್ನು ನೋಡಿದ. ಬಹಳ ಹೊತ್ತು ನೋಡಿದ.

ಆಮೇಲೆ ಚಟ್ಟನೆ ತಾಯಿಯ ಬೆರಳು ಮಡಚಿ, ಮೇಲೆ ಬಿಳಿಬಟ್ಟೆ ಎಳೆದುಬಿಟ್ಟ.

"ಇದ್ದದ್ದು ಇರಲಿ ಮೇಡಮ್ಮಾರ. ನನಗ ಗುರುತ ತಪ್ಪೇತಿ. ಇದು ಅವ್ವಂದ ಐತಿ."

"ಈಗ ಅಲ್ಲ ಅಂದ್ರಿ."

"ಚಳ್ಯಾಗ ಕಣ್ಣು ಕಾಣಲಿಲ್ಲ." ಅವನು ಕೈ ಜೋಡಿಸಿದ. ಬೇಡುತ್ತಿದ್ದಾನೋ ಹೆದರಿಸುತ್ತಿದ್ದಾನೋ ತಿಳಿಯುವಂತಿರಲಿಲ್ಲ. "ನಿಮ್ಮ ಕಾಲ ಬೀಳ್ತೇನಿ. ನಮ್ಮ ಮನಿ ಮಾನಾ ತಗೀಬ್ಯಾಡ್ರಿ. ಒಂದ ಹೆಣಾ ಸಾಕು."

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅವರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು.

"ಗೋವಾದಲ್ಲಿ ಪೊಲೀಸರು ಬರುವವರೆಗೆ ಈ ಬಾಗಿಲಿನ ಕೀಲಿ ನಿಮ್ಮ ಹತ್ತಿರವೇ ಇರಲಿ," ಎಂದಳು ಸಮತಾ ಅವರಿಗೆ. "ಮಗನಿಗೂ ಕೊಡಬೇಡಿ."

*

ಮೆಟ್ಟಿಲು ಹತ್ತುವಾಗ ಅವಳು ಒಂದೇ ಮಾತು ಹೇಳಿಕೊಂಡಳು: ಬೇರೆ ಯಾರೋ ಇದ್ದಾರೆ. ಸಾವಿರಾರು ಜನರಿರುವ ಹಡಗು ಇದು. ಹುಬ್ಬಳ್ಳಿಯವರಿದ್ದಾರೆ, ಬೆಳಗಾವಿಯವರಿದ್ದಾರೆ. ಕೊರಳಲ್ಲಿ ಲಿಂಗವಿರುವವರು ಇನ್ನೆಷ್ಟೋ ಇರಬಹುದು.

ಅವರಲ್ಲಿ ಶಿವಬಸವ್ವನ ಕ್ಯಾಬಿನ್ನಿನ ಕಾರ್ಡು ಯಾರ ಬಳಿ ಇತ್ತು? ಆ ಪ್ರಶ್ನೆಯನ್ನು ಅವಳು ಮುಂದಿನ ಮೆಟ್ಟಿಲಿಗೆ ಬಿಟ್ಟಳು. ಅಲ್ಲಿಂದ ಅದರ ಮುಂದಿನದಕ್ಕೆ.

ಶ್ವೇತಾ ತನ್ನ ಕ್ಯಾಬಿನ್ನಿನ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಊದಿದ್ದವು. ಸೆರಗನ್ನು ಕೊರಳ ತುಂಬ ಸುತ್ತಿ ಹೊದ್ದಿದ್ದಳು. ಏಸಿಯ ಚಳಿಗೆ ಇರಬಹುದು.

"ಎಲ್ಲಿ ಹೋಗಿದ್ದಿ ಸಮತಿ? ಆವಾಗಿಂದ ನಿನ್ನ ಹುಡುಕಾಕತ್ತೇನಿ. ನನಗ ಈ ಮಂದಿ ನಡುವ ಉಸಿರ ಕಟ್ಟಿದಂಗ ಆಗೇತಿ."

"ಕೆಳಗ ಹೋಗಿದ್ದೆ."

"ಅತ್ತಿನ್ನ ನೋಡಾಕ?"

"ಹೂಂ."

ಶ್ವೇತಾ ಮುಂದೆ ಬಂದು ಅವಳನ್ನು ತಬ್ಬಿಕೊಂಡಳು. ಹಾಸ್ಟೆಲ್ಲಿನಲ್ಲಿ ತಬ್ಬಿಕೊಳ್ಳುತ್ತಿದ್ದಂತೆಯೇ, ಮೈಯ ಭಾರವನ್ನೆಲ್ಲ ಬಿಟ್ಟು. ಪರೀಕ್ಷೆ ಕೆಟ್ಟಾಗ, ಮದುವೆ ಗೊತ್ತಾದಾಗ, ಮೊದಲ ಬಸಿರು ಇಳಿದುಹೋದಾಗ ಹೀಗೆಯೇ ತಬ್ಬಿಕೊಂಡಿದ್ದಳು. ಸಮತಾಳ ಕೈ ತಾನಾಗಿ ಗೆಳತಿಯ ಬೆನ್ನಿಗೆ ಹೋಯಿತು.

ಆಗ ಅದು ಎದೆಗೆ ಒತ್ತಿತು.

ಸೆರಗಿನ ಒಳಗೆ, ಇಬ್ಬರ ಎದೆಯ ನಡುವೆ, ತಣ್ಣನೆಯ ಗಟ್ಟಿ ವಸ್ತು. ಬಟ್ಟೆಯಲ್ಲಿ ಸುತ್ತಿದ ಮೆತ್ತನೆಯ ಗಂಟಲ್ಲ. ಲೋಹ. ಉರುಟಾದ ಲೋಹ, ಒಂದು ಮಗ್ಗುಲು ತಗ್ಗು.

ಸಮತಾ ಅಲುಗಾಡಲಿಲ್ಲ. ಶ್ವೇತಾಳ ಬಿಸಿಯುಸಿರು ಕಿವಿಗೆ ತಾಗುತ್ತಿತ್ತು.

"ಸಮತಿ, ನಿನ್ನೆ ಡೆಕ್ಕಿನ ಮ್ಯಾಲ ಅತ್ತಿ ನಿನಗ ಏನರ ಹೇಳಿದ್ರೇನ?"

"ಇಲ್ಲ," ಎಂದಳು ಸಮತಾ. "ಏನೂ ಹೇಳಲಿಲ್ಲ."

ತಬ್ಬಿದ ಕೈ ಸಡಿಲಾಗಲಿಲ್ಲ. ಬದಲು ಒಂದಿಷ್ಟು ಬಿಗಿಯಾಯಿತು. ಆಮೇಲೆ ಶ್ವೇತಾ ಹಿಂದೆ ಸರಿದು, ಗೆಳತಿಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನೋಡಿ ನಕ್ಕಳು, ಅಳುಮುಖದಲ್ಲೇ.

"ಮುಂಜಾನಿಂದ ಹೊಟ್ಟಿಗೆ ಏನೂ ಹಾಕಿಲ್ಲ ನೀನು. ಮಾರಿ ನೋಡು ಹೆಂಗ ಆಗೇತಿ. ಬಾ ಒಳಗ."

ಅವಳು ಸಮತಾಳ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಂಡಳು. ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡು ಕಟ್ಟೆಂದಿತು.

ಮೇಜಿನ ಮೇಲೆ, ಶಿವಬಸವ್ವನ ಕ್ಯಾಬಿನ್ನಿನಲ್ಲಿ ಸಿಗದಿದ್ದ ಚಟ್ನಿಯ ಡಬ್ಬಿ ಇತ್ತು. ಪಕ್ಕದಲ್ಲಿ, ತಟ್ಟೆಯಲ್ಲಿ, ಮುರಿದಿಟ್ಟ ರೊಟ್ಟಿ.

ಶ್ವೇತಾ ಚಟ್ನಿ ಉದುರಿಸಿ, ಒಂದು ತುಂಡನ್ನು ಸಮತಾಳ ಅಂಗೈಯಲ್ಲಿಟ್ಟಳು.

"ತಿನ್ನು," ಎಂದಳು. "ನನ್ನ ಮುಂದ ತಿನ್ನು."